ಹಾಡಿಗೆ ಸೊಪ್ಪು ಹಾಕದವಳು

ಜನವರಿ 6, ಸೋಮವಾರ
ಹೊಸಕೋಟೆ

ಎಡಗಣ್ಣಿನ ಪೊರೆ ತೆಗೆಸಿ ಇವತ್ತಿಗೆ ಮೂರು ದಿನ. ಮೂರು ವಾರ ಓದಬೇಡಿ ಎಂದಿದ್ದಾರೆ ಡಾಕ್ಟರು. ಬರೆಯಬೇಡಿ ಎಂದು ಹೇಳಿಲ್ಲ. ಹೇಳಿದಷ್ಟನ್ನು ಪಾಲಿಸುವುದು ಒಳ್ಳೆಯ ವಿದ್ಯಾರ್ಥಿಯ ಲಕ್ಷಣ, ಆದ್ದರಿಂದ ಬರೆಯುತ್ತಿದ್ದೇನೆ. ಸಾಲು ಓರೆಯಾದರೆ ಓದುವವನು ನಾನೊಬ್ಬನೇ.

ಮಧ್ಯಾಹ್ನ ಬೆಂಗಳೂರಿನಿಂದ ಒಂದು ಪಾರ್ಸೆಲ್ ಬಂತು. ಕಳಿಸಿದವರು ಚಿತ್ರಲೇಖಕರ ಕೂಟದವರು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಮೇಷ್ಟ್ರಾಗಿದ್ದಾಗ, ಬೇಸಿಗೆ ರಜೆಗಳಲ್ಲಿ ಕೂತು ಎರಡು ಸಿನಿಮಾಕ್ಕೆ, ಒಂದು ಧಾರಾವಾಹಿಗೆ ಸಂಭಾಷಣೆ ಬರೆದಿದ್ದೆ. ಆ ತಪ್ಪಿಗೆ ನಾನು ಕೂಟದ ಸದಸ್ಯ. ಈಗ ಒಂದು ಜಗಳದಲ್ಲಿ ತೀರ್ಪು ಕೊಡುವ ಮೂವರಲ್ಲಿ ನನ್ನನ್ನೂ ಒಬ್ಬನನ್ನಾಗಿ ಮಾಡಿದ್ದಾರೆ.

ಜಗಳ ಇಷ್ಟೇ. ಒಂದು ಸಿನಿಮಾ ಮುಗಿದು ಬಿಡುಗಡೆಗೆ ಕಾದಿದೆ. ಅದರ ನಿರ್ದೇಶಕರು ತೆರೆಯ ಮೇಲೆ ‘ಕಥೆ-ಚಿತ್ರಕಥೆ-ಸಂಭಾಷಣೆ-ನಿರ್ದೇಶನ’ ಎಂದು ಒಂದೇ ಉಸಿರಿಗೆ ಬರೆಸಿ ಕೆಳಗೆ ತಮ್ಮ ಹೆಸರು ಹಾಕಿಕೊಂಡಿದ್ದಾರೆ. ಆಡು ಮುಟ್ಟದ ಸೊಪ್ಪಿಲ್ಲ. ಇನ್ನೊಬ್ಬರು ದೂರು ಕೊಟ್ಟಿದ್ದಾರೆ: ಚಿತ್ರಕಥೆ ನನ್ನ ನೋಟ್‌ಬುಕ್ಕಿನದು, ನನ್ನ ಹೆಸರನ್ನು ‘ಕೃತಜ್ಞತೆಗಳು’ ಪಟ್ಟಿಯಲ್ಲಿ ಅಡುಗೆ ಕಂಟ್ರಾಕ್ಟರಿಗೂ ಡ್ರೋನ್ ಬಾಡಿಗೆಯವರಿಗೂ ನಡುವೆ ತೂರಿಸಿದ್ದಾರೆ, ಎಂದು. ಅವರ ಹೆಸರು ತೆರೆಯ ಮೇಲೆ ಚಿತ್ರಕಥೆಯ ಕಾರ್ಡಿಗೆ ಏರಬೇಕೋ, ಅಡುಗೆಯವರ ಪಕ್ಕದಲ್ಲೇ ಇರಬೇಕೋ, ಅದನ್ನು ನಾವು ಮೂವರು ಹೇಳಬೇಕು.

ನಮಗೆ ಹೆಸರುಗಳನ್ನು ತಿಳಿಸುವುದಿಲ್ಲ. ದೂರು ಕೊಟ್ಟವರು ‘ಬರಹಗಾರ ಒಂದು’, ನಿರ್ದೇಶಕರು ‘ಬರಹಗಾರ ಎರಡು’. ನಾವು ಮೂವರೂ ಒಬ್ಬರಿಗೊಬ್ಬರು ಅಪರಿಚಿತರೇ. ಗುಟ್ಟು ಬಿಡುವುದಿಲ್ಲ ಎಂದು ಸಹಿ ಹಾಕಿದ್ದೇನಾದ್ದರಿಂದ ಚಿತ್ರದ ಹೆಸರನ್ನು ಇಲ್ಲೂ ಬರೆಯುವುದಿಲ್ಲ.

ಕೂಟದ ಕಚೇರಿಯ ಚೈತ್ರಳಿಗೆ ಫೋನ್ ಮಾಡಿ ಕಣ್ಣಿನ ಕಥೆ ಹೇಳಿದೆ. “ಮನೇವ್ರು ಯಾರಾದ್ರೂ ಓದಿ ಹೇಳ್ಬೋದು ಸಾರ್, ಅವ್ರೂ ಒಂದು ಸೈನ್ ಹಾಕ್ಬೇಕಷ್ಟೇ” ಅಂದಳು. ಮಗಳು ನೌರೀನ್ ಸಹಿ ಹಾಕಿದಳು. ಫ್ಯಾಕ್ಟರಿಯ ಆಫೀಸಿನಿಂದ ಆರಕ್ಕೆ ಬಂದು ದಿನಾ ಒಂದು ಗಂಟೆ ಓದುತ್ತಾಳಂತೆ.

ನನ್ನ ಹೆಂಡತಿ ಶಂಶುನ್ನೀಸಾ ದಖನಿಯಲ್ಲಿ ಅಂದದ್ದನ್ನು ಕನ್ನಡದಲ್ಲಿ ಬರೆದರೆ: “ಕಣ್ಣಿದ್ದಾಗ ಯಾರೂ ಕರೀಲಿಲ್ಲ. ಈಗ ಕರೆದ್ರು ನೋಡಿ ಓದೋಕೆ.”

ಜನವರಿ 8, ಬುಧವಾರ

ಕೂಟದ ನಿಯಮಗಳನ್ನು ನೌರೀನ್ ಓದಿದಳು. ಮುಗಿದ ಚಿತ್ರಕಥೆಯಲ್ಲಿ ಯಾರ ಪಾಲು ಮೂರನೇ ಒಂದಕ್ಕಿಂತ ಹೆಚ್ಚಿದೆಯೋ ಅವರ ಹೆಸರು ಕಾರ್ಡಿನಲ್ಲಿ ಬರಬೇಕು. ಕಾಗದದ ಮೇಲೆ ಇರುವುದನ್ನು ಮಾತ್ರ ನೋಡಬೇಕು. ಯಾರು ಯಾರಿಗೆ ಕಾಫಿ ಕುಡಿಯುತ್ತ ಏನು ಹೇಳಿದರು ಎಂಬುದು ಲೆಕ್ಕಕ್ಕಿಲ್ಲ. ಒಳ್ಳೆಯ ನಿಯಮ. ನಾನೂ ಮೂವತ್ತೊಂದು ವರ್ಷ ಇದನ್ನೇ ಹೇಳಿದ್ದೇನೆ: ನೀನು ಅಂದುಕೊಂಡಿದ್ದಕ್ಕೆ ಅಂಕ ಇಲ್ಲ, ಬರೆದಿದ್ದಕ್ಕೆ ಅಂಕ.

ಪಾರ್ಸೆಲ್ಲಿನಲ್ಲಿ ಇರುವುದು ಬರಹಗಾರ ಒಂದರ ನೋಟ್‌ಬುಕ್ಕಿನ ಜೆರಾಕ್ಸ್, ನೂರಾ ನಲವತ್ತು ಪುಟ, ಎಲ್ಲಾ ಕೈಬರಹ. ಆಮೇಲೆ ಶೂಟಿಂಗಿಗೆ ಬಳಸಿದ ಟೈಪು ಮಾಡಿದ ಚಿತ್ರಕಥೆ, ಅದು ಬರಹಗಾರ ಎರಡರದು. ಜೊತೆಗೆ ಇಬ್ಬರ ಹೇಳಿಕೆಗಳು.

ಡಾಕ್ಟರಿಗೆ ಗೊತ್ತಾಗದ ಹಾಗೆ ಬಲಗಣ್ಣಿನಲ್ಲಿ ನೋಟ್‌ಬುಕ್ಕಿನ ಮೊದಲ ಸಾಲು ನೋಡಿದೆ. ‘ಅಳ್ಳಿಯ ಬೆಳಗು. ಹಾಕಾಶ ಕೆಂಪಗಿದೆ.’

ಮುಚ್ಚಿಟ್ಟೆ. ನಮ್ಮ ಕಡೆಯ ಹಳೆಯ ರೋಗ ಇದು. ಬಾಯಲ್ಲಿ ಹಕಾರ ಬರುವುದಿಲ್ಲ, ಹಳ್ಳಿ ಅಳ್ಳಿಯಾಗುತ್ತದೆ. ಬರೆಯಲು ಕೂತಾಗ ಎಲ್ಲಿ ತಪ್ಪಾಗುತ್ತದೋ ಎಂಬ ಭಯಕ್ಕೆ, ಬೇಡದ ಕಡೆಯೆಲ್ಲ ಹಕಾರ ಅಂಟಿಸುತ್ತಾರೆ. ಆಕಾಶ ಹೋಗಿ ಹಾಕಾಶ. “ಅಕ್ಕಿ ಹಾರಿಹೋಯ್ತು, ಹಕ್ಕಿ ಬೆಂದುಹೋಯ್ತು” ಎಂದು ಬೋರ್ಡಿನ ಮೇಲೆ ಬರೆದು, ತಪ್ಪು ಮಾಡಿದವನನ್ನು ಎದ್ದು ನಿಲ್ಲಿಸಿ, ಇಡೀ ತರಗತಿಯನ್ನು ನಗಿಸುತ್ತಿದ್ದೆ. ನನ್ನ ಹತ್ತಿರ ಕಲಿತವರು ಹತ್ತನೇ ಕ್ಲಾಸು ದಾಟುವಾಗ ಹಕಾರ ಸರಿಮಾಡಿಕೊಂಡು ದಾಟಿದ್ದಾರೆ.

ಪಾಪಕ್ಕ ಮಾತ್ರ ಇನ್ನೂ ಪಾಸಾಗಿಲ್ಲ. ಬೂದಿಗೆರೆ ರಸ್ತೆಯ ಕಡೆಯಿಂದ ನಮಗೆ ಹಾಲು ತರುವವಳು. ದಿನಾ ಬಾಗಿಲಲ್ಲಿ ನಿಂತು “ಆಲು ಮೇಷ್ಟ್ರೇ” ಅನ್ನುತ್ತಾಳೆ. “ಹಾಲು” ಅನ್ನುತ್ತೇನೆ. “ಅದೇ, ಆಲು” ಅನ್ನುತ್ತಾಳೆ. ಹನ್ನೆರಡು ವರ್ಷವಾಯಿತು.

ಜನವರಿ 11, ಶನಿವಾರ

ಮೂರು ಸಂಜೆಗಳ ಓದು ಮುಗಿಯಿತು. ನೌರೀನಳಿಗೆ ಮೊದಲೇ ಹೇಳಿದ್ದೆ: ತಪ್ಪು ಕಂಡ ಕಡೆ ತಿದ್ದಿಕೊಂಡು ಓದು, ನನ್ನ ಕಿವಿ ಕೆಡಿಸಬೇಡ. ತೀರಾ ಗೋಜಲಾದ ಪುಟಕ್ಕೆ ಅಡ್ಡಗೆರೆ ಎಳೆದು ಮುಂದೆ ಹೋಗು. ಹಾಗೆ ಸುಮಾರು ಪುಟಗಳಿಗೆ ಅಡ್ಡಗೆರೆ ಬಿತ್ತು.

ಕಥೆ ದೇವನಹಳ್ಳಿ ಕಡೆಯ ಒಂದು ಹಳ್ಳಿಯದು. ಸುತ್ತ ಎಲ್ಲ ಲೇಔಟ್ ಆಗಿದೆ. ಅಮ್ಮಯಮ್ಮ ಎಂಬ ಹೆಂಗಸು, ಆಕೆಯ ಗಂಡ. ಟೈಪಾದ ಚಿತ್ರಕಥೆಯಲ್ಲಿ ಗಂಡ ಜೇಬಿನ ಮೊಬೈಲಿನಲ್ಲಿ ಯಾವಾಗಲೂ ಒಂದೇ ಹಾಡು ಹಾಕಿಕೊಂಡು ಓಡಾಡುವವನು. ಒಂದು ದಿನ ಹೈವೇ ದಾಟುವಾಗ ಲಾರಿಗೆ ಸಿಕ್ಕಿ ಸಾಯುತ್ತಾನೆ. ಅಂದು ಸಂಜೆ ಆ ಹಾಡು ಬೀದಿಯಲ್ಲಿ ಕೇಳಿಸುತ್ತ ಹತ್ತಿರ ಬಂದು ಅಮ್ಮಯಮ್ಮನ ಬಾಗಿಲಲ್ಲಿ ನಿಲ್ಲುತ್ತದೆ. ಮೊಬೈಲು ಹಿಡಿದು ಬಂದವನು ಬೇರೆ ಯಾರೋ. ಅವನ ಮುಖವನ್ನು ತೋರಿಸುವುದೇ ಇಲ್ಲ. ಟೀಸರಿನಲ್ಲಿ ಇದೇ ದೃಶ್ಯ ಬಂದು ಊರೆಲ್ಲ ಮಾತಾಡಿಕೊಳ್ಳುತ್ತಿದೆ, ನನಗೂ ಹಿಡಿಸಿತು.

ನೋಟ್‌ಬುಕ್ಕಿನಲ್ಲೂ ಈ ದೃಶ್ಯ ಇದೆ, ತೊಂಬತ್ತಾರನೇ ಪುಟದಲ್ಲಿ. ಆದರೆ ಒಂದು ದೃಶ್ಯದಿಂದ ಸಿನಿಮಾ ಆಗುವುದಿಲ್ಲ. ಲೆಕ್ಕ ಹಾಕಿಸಿದೆ. ಒಟ್ಟು ಎಪ್ಪತ್ತೆರಡು ದೃಶ್ಯ. ಅದರಲ್ಲಿ ನೋಟ್‌ಬುಕ್ಕಿನಿಂದ ಬಂದವು ಹತ್ತೊಂಬತ್ತು. ಇಪ್ಪತ್ತನಾಲ್ಕು ದಾಟಬೇಕಿತ್ತು. ನನ್ನ ಮಟ್ಟಿಗೆ ಕೇಸು ಮುಗಿಯಿತು. ಆಕಾಶ ಬರೆಯಲು ಬಾರದವನಿಗೆ ಚಿತ್ರಕಥೆಯ ಕಾರ್ಡು ಯಾಕೆ?

ಜನವರಿ 12, ಭಾನುವಾರ

ಕಣ್ಣಿನಲ್ಲಿ ನೀರು. ಡ್ರಾಪ್ಸ್ ಹಾಕುವಾಗ ಶಂಶುನ್ನೀಸಾಳ ಕೈ ನಡುಗುತ್ತದೆ, ಅರ್ಧ ಕೆನ್ನೆಗೆ. ಇಬ್ಬರಿಗೂ ಕೋಪ ಬಂತು.

ಜನವರಿ 15, ಬುಧವಾರ

ನಿನ್ನೆ ಸಂಕ್ರಾಂತಿ. ಪಾಪಕ್ಕ ಎಳ್ಳು-ಬೆಲ್ಲ, ಅವರೆಕಾಯಿ ತಂದು ಕೊಟ್ಟಳು.

ಇವತ್ತು ಮೂವರು ತೀರ್ಪುಗಾರರಿಗೂ ಒಟ್ಟಿಗೆ ಫೋನ್. ಚೈತ್ರ ಜೋಡಿಸಿಕೊಟ್ಟಳು. ಹೆಸರು ಹೇಳುವ ಹಾಗಿಲ್ಲ. ಒಬ್ಬರದು ಧಾರವಾಡದ ಕಡೆಯ ಹೆಂಗಸಿನ ದನಿ, ಇನ್ನೊಬ್ಬರದು ಮಂಗಳೂರಿನ ಕಡೆಯ ಗಂಡಸಿನ ದನಿ. ಇಬ್ಬರೂ ಬರಹಗಾರ ಒಂದರ ಪಕ್ಷ.

“ಏನ್ ಛಂದ ಬರದಾನ್ರೀ ಅವಾ!” ಅಂದರು ಧಾರವಾಡದವರು. “‘ಗಂಡ ಬೆಳಿಗ್ಗೆ ಹಾಡನ್ನು ಬಿಚ್ಚಿಕೊಂಡು ಹೊರಡುತ್ತಾನೆ.’ ಹಾಡು ಬಿಚ್ಚಿಕೊಂಡು ಅಂತ! ಇಂಥಾ ರೂಪಕ ಯಾರ ಬರೀತಾರ ಈಗ? ನಾ ಇದರ ಮ್ಯಾಲೆ ಎರಡು ಪುಟ ಟಿಪ್ಪಣಿ ಬರದೀನಿ.”

ಮಂಗಳೂರಿನವರು ವಕೀಲರಂತೆ ಮಾತಾಡಿದರು. “ನಿರ್ದೇಶಕರ ಹೇಳಿಕೆ ನೋಡಿ ಸರ್. ಬಾಗಿಲಿನ ದೃಶ್ಯ ಸೆಟ್ಟಲ್ಲಿ ತನಗೆ ಹೊಳೆದದ್ದು, ಯಾರ ಕಾಗದದಲ್ಲೂ ಇರಲಿಲ್ಲ ಅಂತ ಬರ್ದಿದ್ದಾರೆ. ಆದ್ರೆ ಅದು ನೋಟ್‌ಬುಕ್ಕಲ್ಲಿ ಉಂಟಲ್ಲ! ಪುಟ ತೊಂಬತ್ತಾರು. ಅಲ್ಲಿಗೆ ಅವರು ಸುಳ್ಳು ಹೇಳಿದ್ರು ಅಂತ ಆಯ್ತು. ಮತ್ತೆ ಉಳಿದದ್ದು ನಂಬುವುದು ಹೇಗೆ?”

ನನ್ನ ಹತ್ತೊಂಬತ್ತರ ಲೆಕ್ಕ ಹೇಳಿದೆ. ಅವರ ಲೆಕ್ಕದಲ್ಲಿ ಇಪ್ಪತ್ತೆರಡು, ಇಪ್ಪತ್ಮೂರು; ಗೋಜಲಾದ ಕೆಲವು ಪುಟಗಳನ್ನು ಅವರೂ ದಾಟಿಸಿದ್ದರಂತೆ. ಆದರೆ ಬಾಗಿಲಿನ ದೃಶ್ಯವೇ ಚಿತ್ರದ ಜೀವ, ಅದಕ್ಕೆ ಹೆಚ್ಚು ತೂಕ ಕೊಟ್ಟರೆ ಮೂರನೇ ಒಂದು ದಾಟುತ್ತದೆ ಎಂಬುದು ಇಬ್ಬರ ವಾದ. ಅಂದರೆ ಎಲ್ಲವೂ ಆ ಒಂದು ದೃಶ್ಯದ ಮೇಲೆ ನಿಂತಿದೆ. ಒಂದು ವಾರ ಸಮಯ ಕೇಳಿದೆ.

ಕಾಗುಣಿತ ಬಾರದವನು ಮಹಾಕವಿ ಅಂತೆ. ಕಾಲ ಕೆಟ್ಟಿದೆ.

ಜನವರಿ 19, ಭಾನುವಾರ

ನಿಧಾನವಾಗಿ ಬರೆಯಬೇಕು. ಬೆಳಿಗ್ಗೆ ನಡೆದದ್ದು.

ಭಾನುವಾರವಾದ್ದರಿಂದ ನೌರೀನ್ ಬೆಳಿಗ್ಗೆಯೇ ಕೂತು ತೊಂಬತ್ತಾರನೇ ಪುಟವನ್ನು ಇನ್ನೊಮ್ಮೆ ಓದುತ್ತಿದ್ದಳು. ಪಾಪಕ್ಕ ಹಾಲು ಅಳೆದು ಕೊಟ್ಟು, ಮಂಡಿ ನೋವೆಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತಿದ್ದಳು. ಗುಟ್ಟಿನ ಕಾಗದ ಎಂಬುದು ನನಗೆ ನೆನಪಾಗಲಿಲ್ಲ, ಅವಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನೌರೀನ್ ಓದಿದಳು: “ಸಂಜೆ. ಹಾಡು ಬೀದಿಯ ಕಡೆಯಿಂದ ಒಂದೇ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಅಮ್ಮಯಮ್ಮ ನೋಡುತ್ತಾಳೆ. ಹಾಡಿಗೆ ಸೊಪ್ಪು ಹಾಕುವುದಿಲ್ಲ. ಹಾಡು ಹೋಗುವುದಿಲ್ಲ.”

ಮೆಟ್ಟಿಲ ಮೇಲಿಂದ ಪಾಪಕ್ಕ ಅಂದಳು: “ಅಯ್ಯೋ, ಯಾಕವ್ವಾ ಸೊಪ್ಪು ಆಕಲ್ವಂತೆ ಅವ್ಳು? ಪಾಪ, ಅದೊಂದೇ ಬಂದೈತೆ ಮನೆಗೆ. ಅಸ್ಕೊಂಡಿರ್ತದೆ.”

“ಏನು ಬಂದಿದೆ ಪಾಪಕ್ಕ?” ಅಂದೆ.

“ಆಡು, ಮೇಷ್ಟ್ರೇ. ಅದೇ ಓದ್ತಾ ಐತಲ್ಲ ಮಗ. ಗಂಡ ಏನಾದ ಮತ್ತೆ? ಆಡೊಂದೇ ಮನೆಗೆ ಬಂತು ಅಂದ್ರೆ ಕಾಯ್ದೋನಿಗೆ ಏನೋ ಆಗೈತೆ ಅಂತ್ಲೇ.”

ನೌರೀನ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹಾಡಲ್ಲ. ಆಡು. ಮೇಕೆ. ಆಕಾಶಕ್ಕೆ ಅಂಟಿಸಿದ ಹಾಗೆಯೇ ಆಡಿಗೂ ಒಂದು ಹಕಾರ ಅಂಟಿಸಿದ್ದಾನೆ. ‘ಹಾಕಾಶ’ ಕಂಡರೆ ಯಾರಾದರೂ ತಿದ್ದುತ್ತಾರೆ. ‘ಹಾಡು’ ತಪ್ಪಾಗಿಯೂ ಸರಿಯಾದ ಪದ, ಅದಕ್ಕೇ ಎಲ್ಲರ ಕಣ್ಣು ತಪ್ಪಿಸಿಕೊಂಡು ಹೋಯಿತು. ಗಂಡ ಬೆಳಿಗ್ಗೆ ಬಿಚ್ಚಿಕೊಂಡು ಹೊರಡುವುದು ಗೂಟಕ್ಕೆ ಕಟ್ಟಿದ ಆಡನ್ನು. ‘ಸೊಪ್ಪು ಹಾಕುವುದಿಲ್ಲ’ ಎಂದರೆ ಲೆಕ್ಕಿಸುವುದಿಲ್ಲ ಎಂದು ನಾವು ಮೂವರು ವಿದ್ವಾಂಸರು ಅರ್ಥ ಮಾಡಿಕೊಂಡೆವು. ಆ ಹೆಂಗಸು ಎದುರಿಗಿರುವ ಆಡಿಗೆ ಸೊಪ್ಪು ಹಾಕುತ್ತಿಲ್ಲ, ಅಷ್ಟೇ. ದಿನಾ ಅದಕ್ಕೆ ಸೊಪ್ಪು ಹಾಕುವವನು ಬರಲಿ ಎಂದು ಕಾಯುತ್ತಿದ್ದಾಳೆ.

ಪಾಪಕ್ಕನಿಗೆ ಹಾಡು, ಆಡು ಎರಡೂ ಒಂದೇ. ಆದ್ದರಿಂದ ಅವಳು ಅಕ್ಷರ ಕೇಳಲಿಲ್ಲ, ಕಥೆ ಕೇಳಿದಳು. ನಾವು ಹೇಳದೇ ಇದ್ದದ್ದನ್ನು ಕೂಡ ಕೇಳಿಬಿಟ್ಟಳು, ಗಂಡ ಸತ್ತ ಸುದ್ದಿ.

ಪುಟವನ್ನು ಕೈಗೆ ತೆಗೆದುಕೊಂಡು ಬಲಗಣ್ಣಿನಲ್ಲಿ ನಾನೇ ಓದಿದೆ, ಹಕಾರ ತೆಗೆದು. ಆಡು ಬೀದಿಯ ಕಡೆಯಿಂದ ಒಂದೇ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಆಡಿಗೆ ಸೊಪ್ಪು ಹಾಕುವುದಿಲ್ಲ. ಆಡು ಹೋಗುವುದಿಲ್ಲ. ನನಗೆ ಅಳು ಬಂತು. ಆಪರೇಷನ್ ಆದ ಕಣ್ಣು, ಅಳಬಾರದಂತೆ. ಶಂಶುನ್ನೀಸಾ ಗಾಬರಿಯಾಗಿ ಡ್ರಾಪ್ಸ್ ತಂದಳು.

ಜನವರಿ 20, ಸೋಮವಾರ

ನಿದ್ದೆ ಸರಿಯಾಗಿಲ್ಲ.

ಸುಮ್ಮನಿದ್ದರೆ ಬರಹಗಾರ ಒಂದರ ಹೆಸರು ಕಾರ್ಡಿಗೆ ಹೋಗುತ್ತದೆ. ಇಬ್ಬರು ಈಗಾಗಲೇ ಅವನ ಕಡೆ ಇದ್ದಾರೆ. ಬಾಯಿಬಿಟ್ಟರೆ ಜನ ಮೆಚ್ಚಿದ ಆ ಹಾಡು ಅವನದಲ್ಲ ಎಂದಾಗುತ್ತದೆ, ಅವನ ಕೇಸು ಅಲ್ಲಿಗೆ ಬಿತ್ತು. ನಿರ್ದೇಶಕನದಂತೂ ವಿಚಿತ್ರ. ನೋಟ್‌ಬುಕ್ಕಿನಲ್ಲಿ ಹಾಡು ಓದಿ, ಅದನ್ನು ಎತ್ತಿಕೊಂಡು, ನನಗೇ ಹೊಳೆಯಿತೆಂದು ಸುಳ್ಳು ಹೇಳಿದ್ದಾನೆ. ಆ ಸುಳ್ಳೇ ನಿಜ. ಹಾಡು ಅವನಿಗೇ ಹೊಳೆದದ್ದು, ತಪ್ಪು ಓದಿ ಹೊಳೆದದ್ದು. ಅದು ಅವನಿಗೂ ಗೊತ್ತಿಲ್ಲ.

ಕಾಗದದ ಮೇಲೆ ಇರುವುದನ್ನು ಮಾತ್ರ ನೋಡಿ ಎನ್ನುತ್ತದೆ ನಿಯಮ. ಕಾಗದದ ಮೇಲೆ ‘ಹಾಡು’ ಎಂದೇ ಇದೆ. ನಿಯಮದ ಪ್ರಕಾರ ಬಾಯಿ ಮುಚ್ಚಿಕೊಂಡಿರಬಹುದು.

ಇನ್ನೊಂದು ಬರೆಯುತ್ತೇನೆ, ಯಾರಿಗೂ ಹೇಳಿಲ್ಲ. ಮೂರನೇ ಕ್ಲಾಸಿನಲ್ಲಿ “ನಮ್ಮಪ್ಪ ಬಂತು” ಎಂದು ಬರೆದಿದ್ದೆ. ಮನೆಮಾತು ದಖನಿ, ‘ಬಂದರು’ ಗೊತ್ತಿರಲಿಲ್ಲ. ಮೇಷ್ಟ್ರು ಗಟ್ಟಿಯಾಗಿ ಓದಿ, “ನಿಮ್ಮಪ್ಪ ಏನ್ಲಾ, ಬಸ್ಸಾ?” ಎಂದರು. ಎಲ್ಲರೂ ನಕ್ಕರು. ಅವತ್ತು ಸಂಜೆ ಅಪ್ಪ ಕರೆಯಲು ಬಂದಾಗ ನಾನು ಅವರ ಜೊತೆ ನಡೆಯಲಿಲ್ಲ, ಹಿಂದೆ ಹಿಂದೆ ನಡೆದೆ. ಆ ನಾಚಿಕೆಯಿಂದಲೇ ಕನ್ನಡ ಕಲಿತೆ. ಆಮೇಲೆ ಆ ಮೇಷ್ಟ್ರ ಜಾಗದಲ್ಲಿ ನಾನು ನಿಂತೆ.

ಯಾಕೆ ಬರೆದೆನೋ ಗೊತ್ತಿಲ್ಲ. ಕಣ್ಣು ಉರಿಯುತ್ತಿದೆ.

ಜನವರಿ 22, ಬುಧವಾರ

ನೌರೀನ್ ರಜೆ ಹಾಕಿದಳು. ನಾನು ಹೇಳಿರಲಿಲ್ಲ, ಅವಳೇ ಹಾಕಿದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದೆವು, ಅಡ್ಡಗೆರೆ ಎಳೆದ ಪುಟಗಳನ್ನೂ ಸೇರಿಸಿ. ಈ ಸಲ ತಿದ್ದಿಕೊಂಡು ಓದಬೇಡ, ಇದ್ದ ಹಾಗೇ ಓದು ಎಂದೆ.

ಮೊದಲು ಬರಹಗಾರ ಒಂದರ ಹೇಳಿಕೆ. ಹೋದ ಸಲ ಒಂದು ಸಾಲನ್ನು ಕಳ್ಳತನದ ದೂರೆಂದುಕೊಂಡು ದಾಟಿದ್ದೆವು: ‘ನನ್ನ ಹಾಡನ್ನು ತೆಗೆದುಬಿಟ್ಟಿದ್ದಾರೆ. ಅದು ಇಲ್ಲದೆ ಗಂಡ ಸತ್ತ ಸುದ್ದಿಯನ್ನು ಮನೆಗೆ ಯಾರು ತರುತ್ತಾರೆ?’

“ಅಬ್ಬಾ, ಕದ್ರು ಅಂತ ಹೇಳ್ತಿಲ್ಲ ಇವ್ರು,” ಅಂದಳು ನೌರೀನ್. “ತೆಗೆದು ಹಾಕಿದ್ರು ಅಂತಿದ್ದಾರೆ. ಅವ್ರಿಗೆ ಹೆಸರಿನ ಜೊತೆ ಆಡೂ ಬೇಕು.”

ಹೌದು. ಊರೆಲ್ಲ ಮಾತಾಡಿಕೊಳ್ಳುತ್ತಿರುವ ಹಾಡನ್ನು ಅವನು ತನ್ನದೆಂದು ಒಂದು ಕಡೆಯೂ ಹೇಳಿಲ್ಲ. ಹೇಳಿದ್ದು ನಾವು.

ಆಮೇಲೆ ಅಡ್ಡಗೆರೆಯ ಪುಟಗಳು. ನೀರಿನ ಟ್ಯಾಂಕರಿನ ಮುಂದೆ ಬಿಂದಿಗೆಗಳ ಜಗಳ ಅಲ್ಲಿದೆ. ಬೇಲಿ ಹಾಕಿದ ಲೇಔಟಿನ ವಾಚ್‌ಮನ್ ಗಂಡನಿಗೆ ಗೇಟು ತೆಗೆಯುವುದು, ಬೀಡಿ ಹಂಚಿಕೊಳ್ಳುವುದು ಅಲ್ಲಿದೆ. ಹಸು ಮಾರಿದ ದಿನ ಅಮ್ಮಯಮ್ಮ ಖಾಲಿ ಕೊಟ್ಟಿಗೆ ಗುಡಿಸುವುದು ಅಲ್ಲಿದೆ, ‘ಅಸು ಮಾರಿದ ದಿನ’ ಎಂದು ಬರೆದಿದ್ದಾನೆ. ಎಲ್ಲವೂ ಮುಗಿದ ಚಿತ್ರಕಥೆಯಲ್ಲಿವೆ. ನಾನು ಅವೆಲ್ಲವನ್ನೂ ನಿರ್ದೇಶಕನ ಲೆಕ್ಕಕ್ಕೆ ಬರೆದಿದ್ದೆ, ಯಾಕೆಂದರೆ ಓದಿರಲೇ ಇಲ್ಲ.

ಹೊಸ ಲೆಕ್ಕ ಮೂವತ್ತೊಂದು. ಬಾಗಿಲಿನ ದೃಶ್ಯವನ್ನು ಬಿಟ್ಟು. ನೌರೀನ್ ಎರಡು ಸಲ ಎಣಿಸಿದಳು, ನಾನು ಒಂದು ಸಲ.

ಸಂಜೆ ಶಂಶುನ್ನೀಸಾ ಇಬ್ಬರಿಗೂ ಚಹಾ ಕೊಟ್ಟು, ನೋಟ್‌ಬುಕ್ಕಿನ ಕಡೆ ಕಣ್ಣು ಹಾಯಿಸಿ, “ಕೆಂಪು ಪೆನ್ನು ಬೇಕಾ ಜೀ?” ಅಂದಳು. “ನಕ್ಕೋ, ಬೇಡ” ಅಂದೆ.

ಜನವರಿ 24, ಶುಕ್ರವಾರ

ನಮಾಜ್ ಮುಗಿಸಿಕೊಂಡು ಬಂದ ಮೇಲೆ ಮೂರು ಗಂಟೆಗೆ ಫೋನ್. ಹೇಳಿಬಿಟ್ಟೆ. ಮೊದಲು ಆಡು, ಆಮೇಲೆ ನನ್ನ ತಪ್ಪು ಲೆಕ್ಕ, ಪಾಪಕ್ಕ ಕೇಳಿಸಿಕೊಂಡದ್ದನ್ನೂ.

ಧಾರವಾಡದವರು ಮೊದಲು ನಕ್ಕರು. “ಅಯ್ಯ ಶಿವನ! ನಾ ಆಡಿನ ಮ್ಯಾಲೆ ಎರಡು ಪುಟ ರೂಪಕ ಅಂತ ಬರದೀನಲ್ರೀ! ಆದ್ರ ಸರ, ನಿಮ್ಮ ಕಡೆ ಮೇಕೆ ಅಂತಾರಲ್ಲ? ಅವಾ ಆಡು ಅಂತ ಯಾಕ ಬರದಾನು?”

“ಬಾಯಲ್ಲಿ ಮೇಕೆ ಮೇಡಂ. ಪುಸ್ತಕದಲ್ಲಿ ಆಡು. ಪುಸ್ತಕದ ಭಾಷೆಯಲ್ಲಿ ಬರೀಬೇಕು ಅಂತ ಆಡು ಮಾಡಿದ. ಇನ್ನೂ ಶುದ್ಧವಾಗಿರ್ಲಿ ಅಂತ ಹಕಾರ ಸೇರಿಸಿದ. ಬರಹಕ್ಕೆ ಮರ್ಯಾದೆ ಕೊಡೋಕೆ ಹೋಗಿಯೇ ಎಡವಿದ್ದು.”

ಮಂಗಳೂರಿನವರು ಬಿಡಲಿಲ್ಲ. ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು. “ಹಾಗಾದ್ರೆ ಆ ಹಾಡಿನ ದೃಶ್ಯ ಅವರದ್ದಲ್ಲ ಅಂತ ಆಯ್ತಲ್ಲ ಸರ್? ನಾವು ಅದರ ಮೇಲೆಯೇ ಅವರ ಪರ ನಿಂತದ್ದು. ನೀವು ಹೇಳದೆ ಇದ್ದಿದ್ರೆ ಇವತ್ತೇ ಮುಗೀತಿತ್ತು.”

“ಮುಗೀತಿತ್ತು” ಅಂದೆ. “ಆದ್ರೆ ಅವ್ರು ಬರೀದೇ ಇದ್ದಿದ್ದಕ್ಕೆ ಅವ್ರಿಗೆ ಹೆಸರು ಕೊಟ್ಟು, ಬರೆದಿದ್ದನ್ನ ನಾವು ಓದ್ದೇ ಬಿಟ್ಟಂಗಾಗ್ತಿತ್ತು. ದಯವಿಟ್ಟು ಆ ಪುಟ ತೆಗೀರಿ. ಹಕಾರ ಬಿಟ್ಟು ಗಟ್ಟಿಯಾಗಿ ಓದಿ.”

ಕಾಗದ ಮಗುಚುವ ಸದ್ದು ಕೇಳಿಸಿತು. ಅವರು ಓದಿದರು. ಮಂಗಳೂರಿನ ಅಚ್ಚುಕಟ್ಟಾದ ಉಚ್ಚಾರದಲ್ಲಿ ಆಡು ಬೀದಿಯ ಕಡೆಯಿಂದ ಒಂದೇ ಬಂತು, ಬಾಗಿಲಲ್ಲಿ ನಿಂತಿತು. ಕೊನೆಯ ಸಾಲು ಮುಗಿಯಿತು. ಫೋನ್ ಕಟ್ಟಾಯಿತೇನೋ ಎಂದು ಚೈತ್ರ “ಹಲೋ, ಹಲೋ” ಅಂದಳು.

“ಇದ್ದೇನೆ ಮಾರಾಯ್ರೇ” ಅಂದರು ಅವರು. ಆಮೇಲೆ ನಿಧಾನವಾಗಿ, “ಬರಬೇಕಾದವನು ಬರ್ಲಿಲ್ಲ, ಅವನ ಜೊತೆ ಇರುವಂಥದ್ದು ಮಾತ್ರ ಬಂತು, ಅವಳು ಒಳಗೆ ಕರೀಲಿಲ್ಲ, ಅದು ಹೋಗ್ಲಿಲ್ಲ. ಇಷ್ಟೂ ನೋಟ್‌ಬುಕ್ಕಲ್ಲೇ ಉಂಟು. ನಿರ್ದೇಶಕರು ಬದಲಾಯಿಸಿದ್ದು ಬಂದದ್ದು ಏನು ಅಂತ ಮಾತ್ರ. ಅದು ಇಬ್ಬರದ್ದೂ ದೃಶ್ಯ. ಉಳಿದದ್ದಕ್ಕೆ ನಿಮ್ಮ ಮೂವತ್ತೊಂದರ ಪಟ್ಟಿ ಕಳಿಸಿ, ನಾನು ಸಾಲು ಸಾಲು ನೋಡ್ತೇನೆ.”

ಪಟ್ಟಿ ಕಳಿಸಿದೆ. ರಾತ್ರಿ ಒಂಬತ್ತು ಗಂಟೆಗೆ ಚೈತ್ರಳ ಮೆಸೇಜು: ಮೂವರದೂ ಒಂದೇ ಮಾತು. ಚಿತ್ರಕಥೆಯ ಕಾರ್ಡಿನಲ್ಲಿ ಎರಡು ಹೆಸರು, ಬರಹಗಾರ ಒಂದು ಮೊದಲು.

ಊಟ ರುಚಿಸಿತು.

ಜನವರಿ 25, ಶನಿವಾರ

ಡಾಕ್ಟರಿಗೆ ತೋರಿಸಿದೆ. ಕಣ್ಣು ಚೆನ್ನಾಗಿದೆಯಂತೆ, ಇನ್ನು ಓದಬಹುದು. ಪಾಪಕ್ಕನ ಮೊಮ್ಮಗಳಿಗೆ ಕನ್ನಡದಲ್ಲಿ ಪ್ರಬಂಧ ಬರೆಯಲು ಬರುವುದಿಲ್ಲವಂತೆ. ಭಾನುವಾರ ಕಳಿಸು ಎಂದಿದ್ದೇನೆ.

ಜನವರಿ 31, ಶುಕ್ರವಾರ

ಬೆಳಿಗ್ಗೆ ಪಾಪಕ್ಕ ಆಲು ಕೊಟ್ಟು, ಮೊಮ್ಮಗಳ ಪ್ರಬಂಧದ ವಿಷಯ ಅರ್ಧ ಗಂಟೆ ಮಾತಾಡಿ ಹೋದಳು.

ಹನ್ನೊಂದಕ್ಕೆ ಚೈತ್ರ ಫೋನ್ ಮಾಡಿದಳು. ತೀರ್ಪು ಹೊರಬಿದ್ದ ಮೇಲೆ ಹೆಸರು ಮುಚ್ಚಿಡುವ ಅಗತ್ಯವಿಲ್ಲವಂತೆ. ನಿರ್ದೇಶಕರು ಒಪ್ಪಿಕೊಂಡರು. ಆಡಿನ ವಿಷಯ ತಿಳಿದಾಗ “ನಾನು ಅವರನ್ನ ಒಂದ್ಸಲಾನೂ ಕೂತು ಕೇಳ್ಲಿಲ್ಲ” ಅಂದರಂತೆ. ಸಿನಿಮಾದಲ್ಲಿ ಹಾಡೇ ಇರುತ್ತದೆ, ಈಗ ಬದಲಾಯಿಸಲು ಆಗುವುದಿಲ್ಲ. ಬರಹಗಾರ ಒಂದು ದೊಡ್ಡಬೆಳವಂಗಲದವರು, ನೀರಿನ ಟ್ಯಾಂಕರ್ ಓಡಿಸುತ್ತಾರೆ. ಓದಿದ್ದು ಏಳನೇ ಕ್ಲಾಸು.

“ಅವ್ರು ಏನಂದ್ರು?” ಎಂದು ಕೇಳಿದೆ.

“ಹೆಸರು ಬಂದಿದ್ದು ಬಾಳಾ ಸಂತೋಷ, ಆಡು ಬರ್ಲಿಲ್ವಲ್ಲ ಅಂದ್ರು ಸಾರ್.” ಆಮೇಲೆ, “ಸಾರ್, ನಿಮ್ಮನ್ನ ಒಂದು ಕೇಳ್ಬೇಕಿತ್ತು. ಕಾರ್ಡು ಇವತ್ತು ಲಾಕ್ ಮಾಡ್ತಿದ್ದಾರೆ. ತೆರೆ ಮೇಲೆ ಹೆಸರು ಹೇಗೆ ಬರ್ಬೇಕು ಅಂತ ಫಾರಮ್ಮಲ್ಲಿ ಅವ್ರ ಕೈಯಲ್ಲೇ ಬರೆಸ್ತೀವಿ. ಅವ್ರು ‘ಹಾದಿನಾರಾಯಣಪ್ಪ’ ಅಂತ ಬರ್ದಿದ್ದಾರೆ. ಹಕಾರ ಹಾಕಿ. ಆದಿನಾರಾಯಣಪ್ಪ ಅಲ್ವಾ ಸಾರ್ ಸರಿ? ನೀವು ಕನ್ನಡ ಮೇಷ್ಟ್ರು, ನೀವು ಹೂಂ ಅಂದ್ರೆ ತಿದ್ದಿ ಕಳಿಸ್ತೀನಿ.”

“ಅವ್ರನ್ನೇ ಕೇಳಿದ್ರಾ?”

“ಕೇಳ್ದೆ. ಆಧಾರ್ ಕಾರ್ಡಲ್ಲೂ ಹಂಗೇ ಇದೆಯಂತೆ. ಒಂದನೇ ಕ್ಲಾಸಿಗೆ ಸೇರ್ಸುವಾಗ ಮೇಷ್ಟ್ರು ರಿಜಿಸ್ಟ್ರಲ್ಲಿ ಬರ್ದಿದ್ದಂತೆ. ‘ಮೇಷ್ಟ್ರು ಬರ್ದ ಮ್ಯಾಲೆ ಸರಿಯಾಗೇ ಇರ್ತೈತಲ್ಲ ಮೇಡಂ’ ಅಂದ್ರು.”

ಆರು ವರ್ಷದ ಮಗುವಿನ ಹೆಸರಿಗೆ ಯಾರೋ ಒಬ್ಬ ಮೇಷ್ಟ್ರು, ಅವಸರದಲ್ಲೋ ಅಜ್ಞಾನದಲ್ಲೋ, ಒಂದು ಹಕಾರ ಹಾಕಿದ. ಮಗು ಅದನ್ನು ನೂರು ಸಲ ತಿದ್ದಿ ತಿದ್ದಿ ಕಲಿಯಿತು. ನನ್ನ ಹೆಸರಿಗೆ ಹಕಾರ ಇದ್ದರೆ ಆಕಾಶಕ್ಕೂ ಇರಬೇಕು, ಆಡಿಗೂ ಇರಬೇಕು ಎಂದುಕೊಂಡಿತು. ನೂರಾ ನಲವತ್ತು ಪುಟದಲ್ಲೂ ಅವನು ಮೇಷ್ಟ್ರು ಹೇಳಿಕೊಟ್ಟ ಹಾಗೆಯೇ ಬರೆದಿದ್ದಾನೆ.

“ಸಾರ್, ತಿದ್ದಲಾ?”

“ಬೇಡ, ತಿದ್ದಬೇಡಿ. ಅವರು ಬರೆದ ಹಾಗೇ ಹಾಕಿ.”

“ಜನ ನಗ್ತಾರೆ ಸಾರ್.”

“ನಗಲಿ. ಅವರ ಹೆಸರು ಅದು.”

ಫೋನ್ ಇಟ್ಟೆ. ಶಂಶುನ್ನೀಸಾ ಒಳಗಿನಿಂದ ಅವರೆಕಾಯಿ ಬಿಡಿಸುತ್ತಲೇ ಕೇಳಿದಳು: “ಏನು ಜೀ, ತಿದ್ದಬೇಡಿ ತಿದ್ದಬೇಡಿ ಅಂತಿದ್ರಿ. ಯಾರದು ತಪ್ಪು?”

“ಮೇಷ್ಟ್ರದು” ಅಂದೆ.